ಕೋಡಿನ ಕೆಳಗಿನ ಮಾತು

ಓದುವ ಚಟ ಇರುವವನು ಹೋಟೆಲು ನಡೆಸಬಾರದು ಎಂದು ನನ್ನ ಅಪ್ಪ ಹೇಳುತ್ತಿದ್ದರು. ಗಲ್ಲಾದಲ್ಲಿ ಕೂತವನ ಕಣ್ಣು ಬಾಗಿಲ ಮೇಲೆ, ಮೂಗು ಅಡುಗೆಮನೆಯ ಮೇಲೆ, ಕಿವಿ ಮಾಣಿಗಳ ಮೇಲೆ ಇರಬೇಕು, ಪುಸ್ತಕ ಹಿಡಿದರೆ ಮೂರೂ ಕೆಟ್ಟವು ಎಂಬುದು ಅವರ ಸಿದ್ಧಾಂತ. ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ಅವರು ಹಾಕಿದ ಹೋಟೆಲನ್ನು ನಾನು ಪುಸ್ತಕ ಹಿಡಿದುಕೊಂಡೇ ಇಷ್ಟು ವರ್ಷ ನಡೆಸಿದ್ದೇನೆ. ಹೋಟೆಲು ಮುಳುಗಿಲ್ಲ, ಓದೂ ನಿಂತಿಲ್ಲ. ಸಾಂಬಾರಿಗೆ ಹುಣಿಸೆ ಹೆಚ್ಚಾದರೆ ಪುಟ ತಿರುಗಿಸುತ್ತಲೇ ನನಗೆ ಗೊತ್ತಾಗುತ್ತದೆ. ಇದನ್ನು ಜಂಬ ಎನ್ನುವವರು ಎನ್ನಲಿ, ನನಗೇನೂ ಬೇಸರವಿಲ್ಲ.

ನಮ್ಮ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಬಂಗಲೆ ಇತ್ತು. ವಿಜಯಪುರದ ಕಡೆಯ ಒಬ್ಬ ದೇಸಾಯರ ವಂಶದವರದು. ದೇಸಾಯರು ಎಂದರೆ ಹಿಂದಿನ ಕಾಲದಲ್ಲಿ ಒಂದಿಷ್ಟು ಹಳ್ಳಿಗಳ ಒಡೆತನ ಇದ್ದವರು, ಊರಿಗೆ ದೊರೆಯಿದ್ದಂತೆ. ಹಿರಿಯ ದೇಸಾಯರಿಗೆ ಪುಸ್ತಕದ ಹುಚ್ಚಿತ್ತಂತೆ. ಅವರು ಊರಿನ ವಾಡೆಯಲ್ಲಿ, ಅಂದರೆ ಕೋಟೆಯಂಥ ದೊಡ್ಡ ಮನೆಯಲ್ಲಿ, ತೀರಿಕೊಂಡ ಮೇಲೆ ಮಕ್ಕಳು ಎಲ್ಲವನ್ನೂ ಮಾರಿ, ಉಳಿದ ಪುಸ್ತಕಗಳನ್ನು ಲಾರಿಗೆ ಹೇರಿಕೊಂಡು ಠಾಣೆಗೆ ಬಂದರು. ತಂದರು ಅಷ್ಟೆ, ಓದಲಿಲ್ಲ. ಪುಣೆಯಲ್ಲಿ ಕಲಿತ ಅವರಿಗೆ ಕನ್ನಡ ಅಕ್ಷರವೇ ಬರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬಂಗಲೆ ರಿಡೆವಲಪ್‌ಮೆಂಟಿಗೆ ಹೋಯಿತು. ನೌಪಾಡಾದಲ್ಲಿ ಹಳೆಯದು ಅಂತ ಯಾವುದಿದ್ದರೂ ಇಂದಲ್ಲ ನಾಳೆ ಅಲ್ಲಿಗೇ ಹೋಗುತ್ತದೆ. ಗೋಡೆ ಒಡೆಯುವ ಮೊದಲು ಒಳಗಿದ್ದದ್ದನ್ನೆಲ್ಲ ಮೊಮ್ಮಕ್ಕಳು ರದ್ದಿಗೆ ಹಾಕಿದರು.

ಇದು ನನಗೆ ತಿಳಿದದ್ದು ರದ್ದಿಯವನ ಅಂಗಡಿಯಲ್ಲಿ. ಹೋಟೆಲಿನ ಖಾಲಿ ಡಬ್ಬಗಳ ವಿಷಯ ಮಾತಾಡಲು ಹೋದವನಿಗೆ ಅವನ ತಕ್ಕಡಿಯ ಪಕ್ಕ ಕೆಂಪು ಚರ್ಮದ ರಟ್ಟಿನ ಪುಸ್ತಕಗಳ ಒಂದು ಕಟ್ಟು ಕಂಡಿತು. ಮೇಲಿನದನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದೆ. ರಟ್ಟಿನ ನಡುವೆ ಚಿನ್ನದ ಅಚ್ಚು: ಎರಡು ಗೂಳಿಯ ಕೋಡು, ನಡುವೆ ಸೂರ್ಯ, ಸುತ್ತ ಹುರಿಹಗ್ಗದ ಒಂದು ಬಳೆ. ದೊಡ್ಡ ಮನೆತನದವರು ಬೆಳ್ಳಿ ತಟ್ಟೆಯ ಮೇಲೆ, ಕುದುರೆಯ ಜೀನಿನ ಮೇಲೆ ಹಾಕಿಸುತ್ತಿದ್ದರಲ್ಲ, ಅಂಥ ಲಾಂಛನ. ಒಳಗೆ ತೆರೆದರೆ ಕುದುರೆಯ ಗೊರಸಿಗೆ ಬರುವ ರೋಗಗಳ ಬಗ್ಗೆ ಅಚ್ಚ ಕನ್ನಡದಲ್ಲಿ ಬರೆದ ಪುಸ್ತಕ. ನನಗೂ ಕುದುರೆಗೂ ಇರುವ ನಂಟು ಅಷ್ಟಕ್ಕಷ್ಟೆ. ಆದರೂ ಅಲ್ಲೇ ನಿಂತು ಹತ್ತಾರು ಪುಟ ಓದಿದೆ. ಗದ್ಯ ಹಾಗಿತ್ತು.

"ಬಾಕಿ ಕಿಧರ್ ಗಯಾ?" ಎಂದು ಕೇಳಿದೆ.

ಒಂದಿಷ್ಟು ಕಲ್ಯಾಣಕ್ಕೆ, ಒಂದಿಷ್ಟು ವಾಶಿಯ ಗೋದಾಮಿಗೆ, ನೋಡಲು ಚೆಂದ ಇದ್ದವನ್ನು ಘೋಡಬಂದರ್ ರಸ್ತೆಯ ಯಾರೋ ಇಂಟೀರಿಯರಿನವನು ಒಯ್ದ ಎಂದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಹೇಳಲಾಗುತ್ತಿರಲಿಲ್ಲ. ಒಬ್ಬ ಮನುಷ್ಯ ಜೀವಮಾನವಿಡೀ ಕೂಡಿಸಿ, ಮೈತುಂಬ ಚರ್ಮ ಹೊದೆಸಿ, ಹಣೆಗೆ ತನ್ನ ಗುರುತು ಹಾಕಿಸಿದ ಪುಸ್ತಕಗಳು ಕಂಡಕಂಡಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಅವನ್ನು ಹುಡುಕುವುದು ಎಂದು ಅಲ್ಲೇ ತೀರ್ಮಾನ ಮಾಡಿದೆ. ನಾನು ಒಂದು ತೀರ್ಮಾನ ಮಾಡಿದರೆ ಮನೆಯವರು ಕೊಡೆ ಹಿಡಿದು ಹಿಂದೆ ಬರಬೇಕೇ ಹೊರತು ತಡೆಯುವಂತಿಲ್ಲ.

ಘೋಡಬಂದರ್ ರಸ್ತೆಯಲ್ಲಿ ಆ ಇಂಟೀರಿಯರಿನವನ ಕೈಕೆಲಸ ಸಿಕ್ಕಿದ್ದು ಒಂದು ಗಗನಚುಂಬಿಯ ಸ್ಯಾಂಪಲ್ ಫ್ಲ್ಯಾಟಿನಲ್ಲಿ. ಮನೆ ಕೊಳ್ಳುವವನಂತೆ ಮುಖ ಮಾಡಿಕೊಂಡು ಒಳಗೆ ಹೋದೆ. ಸೋಫಾದ ಹಿಂದಿನ ಗೋಡೆಯಲ್ಲಿ ಕೆಂಪು ಪುಸ್ತಕಗಳ ಸಾಲು, ಬೆನ್ನ ಮೇಲೆ ಪುಟ್ಟ ಕೋಡುಗಳು ಮಿಂಚುತ್ತಿದ್ದವು. ಒಂದನ್ನು ಎಳೆದೆ, ಬರಲಿಲ್ಲ. ಅಂಟು ಹಾಕಿದ್ದರು! ಸೇಲ್ಸಿನ ಹುಡುಗಿ ಓಡಿ ಬಂದಳು.

"ಸರ್, ವೋ ಸಿರ್ಫ್ ಶೋ ಕೇ ಲಿಯೇ ಹೈ."

"ಫ್ಲ್ಯಾಟ್ ಭೀ ಸಿರ್ಫ್ ಶೋ ಕೇ ಲಿಯೇ ಹೈ ಕ್ಯಾ?" ಎಂದು ಕೇಳಿದೆ, ಫ್ಲ್ಯಾಟೂ ಬರೀ ತೋರಿಕೆಗೋ ಎಂದು. ಅವಳು ಮ್ಯಾನೇಜರನ್ನು ಕರೆದಳು. ಅವನಿಗೆ ಪುಸ್ತಕ ಎಂದರೇನು ಎಂದು ಅರ್ಧ ಗಂಟೆ ಪಾಠ ಹೇಳಿದೆ. ನನ್ನನ್ನು ಸಾಗಹಾಕಿದರೆ ಸಾಕು ಎಂದು ಅವನು ಒಂದು ವಾರದ ಮೇಲೆ ಎಲ್ಲವನ್ನೂ ಬಿಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಹೋಟೆಲಿಗೆ ಕಳಿಸಿದ. ಆ ಜಾಗಕ್ಕೆ ಈಗ ಪ್ಲಾಸ್ಟಿಕ್ ಹೂ ಬಂದಿವೆಯಂತೆ.

ಹೀಗೆ ಒಂದೊಂದಾಗಿ ಬಂದವು. ಹೋಟೆಲಿನ ಆರ್ಡರು, ಬ್ಯಾಂಕು ಎಲ್ಲ ನೋಡಿಕೊಳ್ಳುವ ನನ್ನ ಮಗಳು, ಫ್ಯಾಮಿಲಿ ರೂಮಿನ ಒಂದು ಗೋಡೆ ದೇಸಾಯರ ಪಾಲಾದದ್ದನ್ನು ನೋಡಿ ಹಣೆ ಚಚ್ಚಿಕೊಂಡಳು. "ಪಪ್ಪಾ, ಇದು ಹೋಟೆಲ್ ಆಹೇ ಕೀ ಮ್ಯೂಸಿಯಂ?" ಎಂದಳು. ಹುಟ್ಟಿದ್ದು ಇಲ್ಲಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ಕನ್ನಡ ಅವಳಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು.

ಆ ಗೋಡೆಯನ್ನು ನೋಡಿಯೇ ಒಬ್ಬ ಗಿರಾಕಿ ಎದ್ದು ನಿಂತದ್ದು. ವಿಜಯಪುರದ ಕಡೆಯವನು, ವಾಶಿ ಮಾರ್ಕೆಟಿನಲ್ಲಿ ಲೋಡಿಂಗ್ ಕೆಲಸದ ಮುಕಾದಮ, ಅಂದರೆ ಹಮಾಲರ ಮೇಸ್ತ್ರಿ. ಠಾಣೆಗೆ ಬಂದಾಗಲೆಲ್ಲ ನಮ್ಮಲ್ಲಿ ಪೂರಿ ತಿನ್ನುತ್ತಾನೆ.

"ಅಣ್ಣಾರ, ಇದು ನಮ್ಮೂರ ದೇಸಾಯರ ಕೋಡ ಅಲ್ರೀ!" ಎಂದ. "ನಮ್ಮ ಮನ್ಯಾಗೂ ಒಂದೈತ್ರಿ ಇಂಥಾದ್ದ. ನಮ್ಮ ಮುತ್ಯಾಗ ದೇಸಾಯರು ಕೈಯಾರೆ ಕೊಟ್ಟಿದ್ದು."

"ಹೌದಾ? ನಿಮ್ಮ ಅಜ್ಜನಿಗಾ? ಬೇರೆ ಯಾರ ಹತ್ರ ಉಂಟು?"

"ಬಾಳ ಮಂದಿ ಹತ್ರ ಅದಾವ್ರಿ. ಆದ್ರ ಅವೆಲ್ಲಾ ಕಳುವಿನ ಮಾಲು. ಪುಸ್ತಕದ ಕ್ವಾಣಿ ನೋಡ್ಕೋತಿದ್ದಾವ ಒಬ್ಬಾವ ಇದ್ದ. ಕದ್ದು ಕದ್ದು ಹೊರಗ ಹಾಕಿದ. ದೇಸಾಯರು ಹ್ವಾದ ಮ್ಯಾಲೆ ಮಕ್ಕಳು ಕಪಾಟ ತಗದ ನೋಡಿದ್ರ ಅರ್ಧಾ ಖಾಲಿ. ಹೊಡದು ಊರ ಬಿಡಿಸಿದ್ರು." ಪೂರಿ ಮುರಿಯುತ್ತ ಅವನು ಸಲೀಸಾಗಿ ಮುಂದುವರಿಸಿದ. "ಅವನ ಮಗಳು ಇಲ್ಲೇ ಡೊಂಬಿವಲಿಯಾಗ ಅದಾಳ. ಪುಸ್ತಕಗಳ್ಳನ ಮಗಳು ಅಂದ್ರ ನಮ್ಮೂರ ಮಂದಿ ಯಾರ ಬೇಕಾದ್ರೂ ಮನಿ ತೋರಸ್ತಾರ."

ಮುಂದಿನ ಸಲ ಬರುವಾಗ ಅವನು ತುರ್ಭೆಯ ಮನೆಯಿಂದ ಆ ಪುಸ್ತಕವನ್ನು ತಂದು ತೋರಿಸಿದ. ಅದೇ ಕೆಂಪು ಚರ್ಮ, ಅದೇ ಕೋಡು. ಆದರೆ ಕೋಡಿನ ಕೆಳಗೆ ಒಂದು ಮಾತು ಒತ್ತಿತ್ತು, ಚಿನ್ನವಿಲ್ಲದೆ, ಬರೀ ಕಪ್ಪಗೆ ಸುಟ್ಟಂತೆ: ಕೊಡು. ನನ್ನ ಗೋಡೆಯ ಮೇಲಿನ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ.

"ಇದು ಕೋಡು ಮಾರಾಯ," ಎಂದು ನಾನು ಘೋಷಿಸಿದೆ. "ಹಳೆಯ ಅಚ್ಚಿನಲ್ಲಿ ದೀರ್ಘ ಹಾಕುತ್ತಿರಲಿಲ್ಲ. ಮೇಲೆ ಕೋಡಿನ ಚಿತ್ರ, ಕೆಳಗೆ ಕೋಡು ಅಂತ ಹೆಸರು. ಇದು ಪೂರ್ತಿ ಲಾಂಛನ, ನನ್ನ ಹತ್ರ ಇರುವುದೆಲ್ಲ ಅರ್ಧದ್ದು."

ಮಗಳು ಗಲ್ಲಾದಿಂದ ತಲೆ ಎತ್ತಿದಳು. "ಕೋಡಂ? ಮ್ಹಣಜೇ ಪಝಲ್?" ಮರಾಠಿಯಲ್ಲಿ ಕೋಡಂ ಎಂದರೆ ಒಗಟು.

"ನಿನ್ನ ತಲೆ," ಎಂದೆ. ಕೋಡಿನ ಚಿತ್ರ ಬರೆದು ಕೆಳಗೆ ಕೋಡು ಎಂದು ಬರೆಯುವವನು ದೇಸಾಯನಾಗಿರಲಿಕ್ಕಿಲ್ಲ, ಬಾಲವಾಡಿಯ ಟೀಚರ್ ಆಗಿರಬೇಕು ಎಂದು ಅವಳು ನಕ್ಕಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೋಡು ಎಂದರೆ ಕೋಡೇ ಎಂದು ಸಾಧಿಸಿದೆ. ಡೊಂಬಿವಲಿಯ ಆ ಹೆಂಗಸಿನ ಹತ್ತಿರ ಖಂಡಿತ ಒಂದು ಪೂರ್ತಿ ಲಾಂಛನದ ಪುಸ್ತಕ ಇರುತ್ತದೆ ಎಂದು ವಿಳಾಸ ತೆಗೆದುಕೊಂಡೆ.

ಮಧ್ಯಾಹ್ನದ ಸ್ಲೋ ಲೋಕಲಿನಲ್ಲಿ ಹೋದೆ. ಆ ಹೊತ್ತಿಗೆ ಡೊಂಬಿವಲಿ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ, ಅದೇ ಒಂದು ಹಬ್ಬ. ಎಂಐಡಿಸಿ ಕಾರ್ಖಾನೆಗಳ ಕಡೆಯ ಹೌಸಿಂಗ್ ಸೊಸೈಟಿ, ಲಿಫ್ಟ್ ಇಲ್ಲದ ಮೂರನೇ ಮಹಡಿ, ಗಾಳಿಯಲ್ಲಿ ಕೆಮಿಕಲ್ಲಿನ ಹುಳಿ ವಾಸನೆ. ಬಾಗಿಲು ತೆರೆದದ್ದು ಅವರ ಮಗ, ಐವತ್ತು ದಾಟಿದವನು. ನಾನು ಕನ್ನಡದಲ್ಲಿ ಕೇಳಿದೆ, ಅವನು ಹಿಂದಿಯಲ್ಲಿ ಒಳಗೆ ಕರೆದ. ಅಜ್ಜಿ ಜೋಳ ಆರಿಸುತ್ತ ಕೂತಿದ್ದರು. ಕನ್ನಡ ಕೇಳಿದ್ದೇ ಮುಖ ಅರಳಿತು. ಚಹಾ ಆಗಲಿ ಎಂದರು, ಹಾಲು ತರಲು ಮಗನನ್ನು ಕಳಿಸಿದರು. ನಾನು ಹೋಟೆಲಿನವನು ಎಂದದ್ದಕ್ಕೆ, ಉಡುಪಿಯವರ ಹೋಟೆಲು ಅಂದರೆ ನೀರು ಸಾಂಬಾರು ಎಂದು ನನ್ನನ್ನೇ ಛೇಡಿಸಿದರು. ಮುಕಾದಮ ನನ್ನ ಬಳಿ ಬಿಟ್ಟಿದ್ದ ಪುಸ್ತಕವನ್ನು ನಾನು ಚೀಲದಿಂದ ತೆಗೆದೆ.

ಕೋಡು ಕಂಡದ್ದೇ ತಡ, ಅವರ ಕೈ ಮೊರದ ಮೇಲೆ ನಿಂತಿತು.

"ಯಾರ ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳಿಸಲಿಲ್ಲ. ನಾನೇ ಈ ಕೋಡಿನ ಪುಸ್ತಕ ಹುಡುಕಿಕೊಂಡು..."

"ನನ್ನ ಕಡೆನೂ ಒಂದೈತಿ," ಎಂದರು. ದನಿ ಇಳಿದಿತ್ತು. "ಕೋಡಿನ ಕೆಳಗ ಏನ ಬರದೈತಿ ಹೇಳ್ರಿ ನೋಡೂಣು."

"ಕೋಡು."

"ಕೋಡಲ್ರೀ. ಕೊಡು. ತಿರುಗಿ ಕೊಡು ಅಂತ ಅದು." ಬಾಗಿಲ ಕಡೆ ಒಮ್ಮೆ ನೋಡಿದರು. ಮಗ ಇನ್ನೂ ಬಂದಿರಲಿಲ್ಲ. "ನಮ್ಮಪ್ಪ ದೇಸಾಯರ ಪುಸ್ತಕದ ಕ್ವಾಣಿ ನೋಡ್ಕೋತಿದ್ದ. ನಾ ಸಣ್ಣಾಕಿದ್ದಾಗ ಒಂದ ಪುಸ್ತಕ ತಂದು ಕೈಯಾಗ ಇಟ್ಟ, ಇದು ನಿಂದು ಅಂದ. ಸ್ವಲ್ಪ ದಿನಕ್ಕ ದೇಸಾಯರು ತೀರಿಕೊಂಡ್ರು. ಅವರ ಮಕ್ಕಳು ಅಪ್ಪನ್ನ ಅಂಗಳದಾಗ ನಿಂದ್ರಿಸಿ ಹೊಡದ್ರು. ಊರ ಬಿಟ್ಟು ಕಲ್ಯಾಣಕ್ಕ ಬಂದ್ವಿ. ಅಪ್ಪ ಮೂಟಿ ಹೊತ್ತ. ಸತ್ತ. ನಾ ಆ ಪುಸ್ತಕ ತಗದಾಗೊಮ್ಮೆ ಅದು ಕೊಡು ಅಂತೈತಿ. ಮದಿವ್ಯಾದೆ, ಮಕ್ಕಳ ಹಡದೆ, ಅದು ಕೇಳೂದು ಬಿಡಲಿಲ್ಲ. ಯಾರಿಗೆ ಕೊಡಲಿ? ನನ್ನ ಮಗಗ ಇದೇನೂ ಗೊತ್ತಿಲ್ಲ. ಅಜ್ಜ ಕಾರಕೂನ ಇದ್ದ ಅಂತ ಹೇಳೀನಿ."

ಎದ್ದು ಹೋಗಿ ಟ್ರಂಕಿನಿಂದ ಬಟ್ಟೆ ಸುತ್ತಿದ ಗಂಟು ತಂದು ನನ್ನ ಮುಂದೆ ಇಟ್ಟರು. "ನೀವು ದೊಡ್ಡವರು, ನಾಕು ಕಡೆ ತಿರುಗಾವ್ರು. ದೇಸಾಯರ ಮಂದಿ ಎಲ್ಲಿದ್ರೂ ಹುಡುಕಿ ಇದನ್ನ ಮುಟ್ಟಿಸಿ ಬಿಡ್ರಿ. ನಾ ಸಾಯೂದರೊಳಗ ಕಳುವಿನ ವಸ್ತು ಮನಿ ಬಿಟ್ಟು ಹೋಗಲಿ."

ನಾನು ಗಂಟು ಬಿಚ್ಚಿ ನೋಡಿದೆ. ಮಕ್ಕಳ ನೀತಿಕತೆಗಳ ತೆಳ್ಳನೆಯ ಪುಸ್ತಕ. ಕೋಡಿನ ಕೆಳಗೆ ಅದೇ ಕಪ್ಪು ಅಕ್ಷರ. ಒಂದು ಪುಸ್ತಕಕ್ಕಾಗಿ ಹಂಬಲಿಸಿ ಬಂದವನು ನಾನು, ಅದು ಕೈಗೇ ಬಂದಿದೆ. ಆದರೆ ಹಾಗೆ ಎತ್ತಿಕೊಂಡು ಹೋಗಲು ಮನಸ್ಸು ಬರಲಿಲ್ಲ. ಇಷ್ಟು ವರ್ಷದ ಮೇಲೆ ಅದನ್ನು ದೇಸಾಯರ ಮೊಮ್ಮಕ್ಕಳಿಗೆ ಕೊಟ್ಟರೆ ಅವರು ಮತ್ತೆ ರದ್ದಿಗೇ ಹಾಕುತ್ತಾರೆ, ಇವರ ಅಪ್ಪ ಕಳ್ಳ ಎಂಬುದು ಮಾತ್ರ ಖಾಯಂ ಆಗುತ್ತದೆ.

"ಈಗ ಒಯ್ಯುವುದಿಲ್ಲ ಅಜ್ಜಿ," ಎಂದೆ. "ಇದು ಕಳುವಿನದ್ದಾ ಅಲ್ವಾ ನೋಡಿಕೊಂಡು ಬರ್ತೇನೆ. ಕಳುವಿನದ್ದೇ ಆದರೆ ನಾನೇ ಮುಟ್ಟಿಸುತ್ತೇನೆ, ಆಯಿತಾ?"

"ಏನ ನೋಡ್ತೀರಿ ಇನ್ನ?" ಎಂದರು. ಅಷ್ಟರಲ್ಲಿ ಮಗ ಹಾಲು ತಂದ. ಅವರು ಗಂಟನ್ನು ಸೆರಗಿನಡಿ ಸರಿಸಿ, ಹೋಟೆಲಿನ ಮಾತು ತೆಗೆದರು.

ಹಿಂದಿರುಗುವ ಗಾಡಿಯಲ್ಲಿ ನನ್ನ ತಲೆ ಕಾದಿತ್ತು. ಕೋಡು ಎಂದು ಮೊಲದ ಕಾಲು ಹಿಡಿದದ್ದು ಬಿಟ್ಟುಹೋಗಿತ್ತು. ಅಜ್ಜಿ ಓದಿದ್ದೇ ಸರಿ, ಅದು ಕೊಡು. ಆದರೆ ಕದ್ದ ಪುಸ್ತಕದ ಮೇಲೆ ತಿರುಗಿ ಕೊಡು ಎಂದು ಒತ್ತುವವರು ಯಾರು? ಕದ್ದ ಮೇಲೆ ಅದು ಒಡೆಯನ ಕೈಯಲ್ಲಿರುವುದಿಲ್ಲ. ಕದಿಯುವ ಮೊದಲೇ ಒತ್ತಿದ್ದರೆ ಎಲ್ಲ ಪುಸ್ತಕಕ್ಕೂ ಒತ್ತಬೇಕಿತ್ತಲ್ಲ? ನನ್ನ ಗೋಡೆಯ ಮೇಲಿನವು ಬರೀ ಕೋಡಿನವು.

ಮನೆಗೆ ಬಂದವನೇ ಮುಕಾದಮ ಬಿಟ್ಟುಹೋಗಿದ್ದ ಪುಸ್ತಕವನ್ನು ದೀಪದಡಿ ಹಿಡಿದು ನೋಡಿದೆ. ಕಪ್ಪು ಅಕ್ಷರದ ಒಂದು ಮೂಲೆ ಚಿನ್ನದ ಬಳೆಯ ಮೇಲೆ ಹತ್ತಿತ್ತು, ಅಲ್ಲಿ ಚಿನ್ನ ಸುಟ್ಟು ಹೋಗಿತ್ತು. ಅಂದರೆ ಬೈಂಡಿಂಗ್ ಮುಗಿದು, ಚಿನ್ನ ಹಾಕಿ ಆದ ಮೇಲೆ, ಬೇರೆ ದಿನ ಬೇರೆ ಕೈ ಒತ್ತಿದ್ದು. ಹೋಟೆಲಿನವನಿಗೆ ಸುಟ್ಟದ್ದು ಮೊದಲಾ ಆಮೇಲಾ ಎಂದು ಯಾರೂ ಕಲಿಸಬೇಕಾಗಿಲ್ಲ. ಅಜ್ಜಿಯ ಪುಸ್ತಕದಲ್ಲಿ ಇದೇ ಮಾತು ಒಂದಿಷ್ಟು ಓರೆಯಾಗಿ ಕೂತಿದ್ದದ್ದು ನೆನಪಾಯಿತು.

ಮುಕಾದಮನಿಗೆ ಫೋನು ಮಾಡಿದೆ. ನಿಮ್ಮ ಮುತ್ಯಾನಿಗೆ ದೇಸಾಯರು ಹೇಗೆ ಕೊಟ್ಟರು, ಸರಿಯಾಗಿ ಹೇಳು ಎಂದೆ.

"ಅದೇನ್ ದೊಡ್ಡ ಮಾತ್ರಿ? ನಮ್ಮ ಮುತ್ಯಾ ರಾತ್ರಿಶಾಲಿಯಾಗ ಅಕ್ಷರ ಕಲತಿದ್ದ. ವಾಡೇಕ ಹೋಗಿ ದೇಸಾಯರ ಮುಂದ ಒಂದ ಪುಟ ತಡವರಿಸದಂಗ ಓದಿದ. ದೇಸಾಯರು ಕಣ್ಣ ಮುಚ್ಚಿ ಕೇಳ್ತಿದ್ರಂತ. ಮುಗಿದ ಮ್ಯಾಲೆ ಒಂದ ಮಾತು: ಕೊಡು. ಅಷ್ಟ. ಪುಸ್ತಕ ನಮ್ಮ ಮುತ್ಯಾಂದಾತು."

"ಯಾರಿಗೆ ಹೇಳಿದ್ದು ಕೊಡು ಅಂತ?"

"ಆ... ಪುಸ್ತಕ ನೋಡ್ಕೊಳ್ಳಾವಗ ಹೇಳಿರಬೇಕ್ರಿ," ಎಂದ.

"ಅವನನ್ನೇ ಅಲ್ವಾ ನೀವೆಲ್ಲ ಕಳ್ಳ ಎನ್ನುವುದು?"

"ನಮ್ಮದ ಕೊಟ್ಟಿದ್ದ ಖರೇನ್ರಿ. ಬಾಕಿದು ಕದ್ದದ್ದು."

ಸರಿ, ಬಾಕಿದ್ದನ್ನು ನೋಡಿಯೇ ಬಿಡುವ ಎಂದು ಹೊರಟೆ. ಆ ಊರಿನ ಮಂದಿ ಕಲ್ಯಾಣ, ತುರ್ಭೆ, ವಾಶಿಯ ಚಾಳುಗಳಲ್ಲಿ ಅಲ್ಲಲ್ಲಿ ಇದ್ದಾರೆ. ಮುಕಾದಮನೇ ದಾರಿ ತೋರಿಸಿದ, ಮೊದಮೊದಲು ಒಲ್ಲದ ಮನಸ್ಸಿನಿಂದ, ಆಮೇಲೆ ನನಗಿಂತ ಮುಂದೆ. ಕಲ್ಯಾಣದಲ್ಲಿ ರೈಲ್ವೆಯಿಂದ ರಿಟೈರಾದ ಒಬ್ಬರ ದೇವರ ಮನೆಯಲ್ಲಿ ಒಂದು ಪುಸ್ತಕ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಕೋಡಿನ ಕೆಳಗೆ ಕಪ್ಪಗೆ: ಕೊಡು. ತುರ್ಭೆಯಲ್ಲಿ ಕಟ್ಟಡದ ಗೌಂಡಿ ಕೆಲಸದವಳ ತಗಡಿನ ಮನೆಯಲ್ಲಿ ಒಂದು, ಅವಳ ಅಜ್ಜಿಯದು. ಅದರ ಮೇಲೂ ಅದೇ. ಎಲ್ಲ ಮನೆಯಲ್ಲೂ ಕತೆ ಒಂದೇ: ಒಂದು ಪುಟ ಓದಿದ್ದು, ಮುಚ್ಚಿದ ಕಣ್ಣು, ಒಂದು ಮಾತು. ರೈಲ್ವೆಯವರು ಇನ್ನೂ ಒಂದು ವಿಷಯ ಹೇಳಿದರು. ಆ ಮಾತು ಬಿದ್ದ ಕೂಡಲೇ ಪುಸ್ತಕ ನೋಡಿಕೊಳ್ಳುವವನು ಹಿತ್ತಾಳೆಯ ಮುದ್ರೆಯನ್ನು ಕೆಂಡದಲ್ಲಿ ಕಾಸಿ ರಟ್ಟಿಗೆ ಒತ್ತುತ್ತಿದ್ದನಂತೆ. ಆ ಮುದ್ರೆ ಇದ್ದ ಪುಸ್ತಕ ವಾಡೆಯ ಬಾಗಿಲು ದಾಟಿದರೆ ಕಾವಲಿನವನು ತಡೆಯುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿ, ಕೊನೆಗೆ ಅವರೂ ಸೇರಿಸಿದರು: "ಹಿಂಗ ಸಿಕ್ಕಿದ್ದು ನಮ್ಮ ಅಜ್ಜಗ ಒಬ್ಬವಗಽ ನೋಡ್ರಿ. ಉಳದಾವೆಲ್ಲಾ ಆ ಕಳ್ಳ ಹೊಡದದ್ದು."

ಇದನ್ನು ಮನೆಮನೆಯಲ್ಲೂ ಕೇಳಿದೆ. ನಮ್ಮದು ಕೊಟ್ಟದ್ದು, ಬೇರೆಯವರದು ಕದ್ದದ್ದು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪಕ್ಕದ ಮನೆಯವನಿಗೂ ಅಂಥದೇ ಮರ್ಯಾದೆ ಸಿಕ್ಕಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಅವರ ಪುಸ್ತಕಗಳನ್ನು ಒಂದು ಜಾಗದಲ್ಲಿ ಇಟ್ಟು ನೋಡಿದವರೂ ಇರಲಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಒಂದು ಹೆದರಿಕೆ ಮಾತ್ರ ನನಗಿತ್ತು. ಊರಿನವರ ಯಾವುದಾದರೂ ಮನೆಯಲ್ಲಿ ಮಾತಿಲ್ಲದ ಬರೀ ಕೋಡಿನ ಪುಸ್ತಕ ಸಿಕ್ಕರೆ ಎಲ್ಲ ಕೆಡುತ್ತದೆ. ಮುದ್ರೆ ಇಲ್ಲದೆ ವಾಡೆ ದಾಟಿದ್ದು ಎಂದರೆ ಕಳುವೇ. ಕಲ್ಯಾಣದ ಕೊನೆಯ ಮನೆಯಲ್ಲಿ ಅದು ಸಿಕ್ಕಿಯೂ ಬಿಟ್ಟಿತು. ಚಿನ್ನದ ಕೋಡು, ಕೆಳಗೆ ಖಾಲಿ. ಮುಕಾದಮ ನನ್ನ ಮುಖ ನೋಡಿದ.

"ಇದು ನಿಮ್ಮ ಹಿರಿಯರದ್ದಾ?" ಎಂದು ಕೇಳಿದೆ.

"ಅಯ್ಯ, ನಮ್ಮ ಹಿರ್ಯಾರೆಲ್ಲಿ ಓದ್ತಾರ್ರೀ!" ಎಂದಳು ಮನೆಯಾಕೆ. "ಮೊನ್ನೆ ಮೊನ್ನೆ ಸ್ಟೇಶನ್ ಬಾಜೂಕ ರದ್ದಿ ಅಂಗಡಿಯಾಗ ನಮ್ಮೂರ ಕೋಡ ಕಂಡು ತಂದಾರ ನಮ್ಮ ಮನಿಯವ್ರು. ಒಳಗ ನೋಡ್ರಿ, ಆ ಅಂಗಡಿ ಚೀಟಿ ಇನ್ನೂ ಹಂಗಽ ಐತಿ."

ನಾನು ಆ ಮನೆಯಲ್ಲಿ ಕುಡಿದಷ್ಟು ನೆಮ್ಮದಿಯ ಚಹಾವನ್ನು ನನ್ನ ಹೋಟೆಲಿನಲ್ಲೂ ಕುಡಿದಿಲ್ಲ. ಬಂಗಲೆ ಬಿದ್ದ ಮೇಲೆ ರದ್ದಿಗೆ ಬಂದದ್ದು, ನನ್ನ ಗೋಡೆಯ ಮೇಲಿನವುಗಳ ಒಡಹುಟ್ಟು ಅದು. ಈಗ ಲೆಕ್ಕ ಸರಿಹೋಯಿತು. ದೇಸಾಯರ ಮನೆಯಲ್ಲೇ ಉಳಿದದ್ದಕ್ಕೆ ಬರೀ ಕೋಡು. ಊರಿನವರ ಮನೆ ಸೇರಿದ್ದಕ್ಕೆಲ್ಲ ಮುದ್ರೆ. ಕಪಾಟು ಅರ್ಧ ಖಾಲಿಯಾದದ್ದು ದೇಸಾಯರ ಬಾಯಿಮಾತಿನಿಂದ. ಮಕ್ಕಳು ಕಂಡದ್ದು ಖಾಲಿ ಜಾಗ ಮಾತ್ರ. ಮುದ್ರೆ ಬಿದ್ದ ಒಂದು ಪುಸ್ತಕವಾದರೂ ಅವರ ಕಣ್ಣಿಗೆ ಬೀಳುವಂತಿರಲಿಲ್ಲ, ಯಾಕೆಂದರೆ ಮುದ್ರೆ ಬಿದ್ದದ್ದೆಲ್ಲ ಮನೆ ಬಿಟ್ಟಿತ್ತು.

ಮುಂದಿನ ಭಾನುವಾರ ಮಗಳು ಕಾರು ತೆಗೆದಳು. ಹಿಂದಿನ ಸೀಟಿನಲ್ಲಿ ಮುಕಾದಮ, ಅವನ ಮಡಿಲಲ್ಲಿ ಎಲ್ಲ ಮನೆಗಳಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದ ಪುಸ್ತಕಗಳು. ಡೊಂಬಿವಲಿಯ ಮೂರು ಮಹಡಿ ಹತ್ತಿ, ಅಜ್ಜಿಯ ಮಂಚದ ಮೇಲೆ ಅವನ್ನು ಹರಡಿದೆವು. ಮಗ ಪೇಪರು ಓದುತ್ತಿದ್ದವನು ಎದ್ದು ಬಂದ. ಅವನನ್ನು ಎಲ್ಲಿಗಾದರೂ ಕಳಿಸಬೇಕೆಂದು ಅಜ್ಜಿ ನನಗೆ ಕಣ್ಣಲ್ಲೇ ಹೇಳಿದರು.

"ಇರಲಿ ಅಜ್ಜಿ, ಅವರೂ ಕೇಳಲಿ," ಎಂದೆ.

ನನಗೆ ಬಂದ ಹಾಗೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಮೊದಲಿಂದ ಕೊನೆಯವರೆಗೆ ಹೇಳಿದೆ. ಪ್ರತಿ ಪುಸ್ತಕದ ಮೇಲೂ ಅಜ್ಜಿಯ ಬೆರಳು ಇಡಿಸಿದೆ. ಕೊಡು. ಕೊಡು. ಕೊಡು. ಕೊನೆಗೆ ಮುಕಾದಮನ ಕಡೆ ನೋಡಿದೆ. ಮಾರ್ಕೆಟ್ಟಿನಲ್ಲಿ ಹಮಾಲರನ್ನು ಗದರಿಸುವ ಮನುಷ್ಯ, ಮಾತು ಹುಡುಕುತ್ತ ನಿಂತಿದ್ದ.

"ಅವ್ವಾ," ಎಂದ. "ನಮ್ಮದೂ ಕೊಟ್ಟಿದ್ದ, ಅವರದೂ ಕೊಟ್ಟಿದ್ದ. ಕಳುವಾಗಿದ್ದು ಒಂದೂ ಇಲ್ಲ. ನಾವು ಹಿಂದ ಮುಂದ ನೋಡದ ಅಂದಿವಿ. ತಪ್ಪಾತು."

ಅಜ್ಜಿ ಎದ್ದರು. ಟ್ರಂಕು ತೆರೆದು ತಮ್ಮ ಗಂಟನ್ನು ತಂದರು, ಬಿಚ್ಚಿ ಉಳಿದವುಗಳ ಜೊತೆ ಇಟ್ಟರು. ಓರೆಯಾಗಿ ಕೂತ ಅಕ್ಷರವನ್ನು ಬಹಳ ಹೊತ್ತು ನೋಡಿದರು.

"ತಿರುಗಿ ಕೊಡು ಅಂತ ಅಲ್ಲೇನ್ರಿ ಹಂಗಾರ?"

"ಅಲ್ಲ. ನಿಮ್ಮ ಅಪ್ಪನಿಗೆ ದೇಸಾಯರು ಹೇಳಿದ್ದು ಅದು. ಇವಳಿಗೆ ಕೊಡು ಅಂತ."

"ಒಬ್ಬ ಮುದುಕ ಕಣ್ಣ ಮುಚ್ಚಿ ಕುಂತಿದ್ದ," ಎಂದರು ಅಜ್ಜಿ ನಿಧಾನವಾಗಿ. "ನಾ ಅಪ್ಪನ ಧೋತರ ಹಿಡಕೊಂಡು ಓದಿದ್ನಿ. ಅದ್ಯಾವುದೋ ಕನಸು ಅಂತ ತಿಳದಿದ್ದೆ." ಮತ್ತೆ ಹೇಳಿದರು: "ಅಪ್ಪ ಹೇಳಿದ್ದ. ನೀ ಓದಿ ಗಳಿಸಿದ್ದವ್ವಾ ಅದು ಅಂತ ಎಷ್ಟ ಸರತೆ ಹೇಳಿದ್ದ. ಊರ ಮಂದಿ ಅಂದದ್ದು ನಂಬಿದೆ, ಅವನ ಮಾತು ನಂಬಲಿಲ್ಲ. ಕಳ್ಳನ ಕೈ ಅಂತ ಅವ ಬಡಿಸಿದ್ದು ಉಣತಿರಲಿಲ್ಲ ನಾನು. ಸಾಯೂತನಕ ಅವನ ಮಾರಿ ನೋಡಿ ಮಾತಾಡಲಿಲ್ಲ."

ಅವರು ಅತ್ತರು. ಮಗ ಅವರ ಪಕ್ಕ ಕೂತು ಕೈ ಹಿಡಿದುಕೊಂಡ. ಗೆದ್ದೆ ಎಂದುಕೊಂಡು ಮೆಟ್ಟಿಲು ಹತ್ತಿದವನು ನಾನು. ನಾನು ತಂದ ಸುದ್ದಿ ಅವರಿಗೆ ಬಿಡುಗಡೆಯಷ್ಟೇ ಅಲ್ಲ, ಹೊಸದೊಂದು ನೋವೂ ಹೌದು ಎಂದು ಆಗ ಗೊತ್ತಾಯಿತು. ಆದರೂ ತರಬಾರದಿತ್ತು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಟ್ರಂಕಿನ ತಳಕ್ಕೆ ಕೈ ಹಾಕಿ ಚೌಕಟ್ಟಿನ ಒಂದು ಫೋಟೋ ತೆಗೆದರು. ರುಮಾಲು ಸುತ್ತಿದ ತೆಳ್ಳನೆಯ ಮನುಷ್ಯ, ಕ್ಯಾಮರಾಕ್ಕೆ ಹೆದರಿದಂತೆ ನೆಟ್ಟಗೆ ಕೂತಿದ್ದರು.

"ಹಾಲ್‌ನ್ಯಾಗ ಮೊಳಿ ಹೊಡಿ," ಎಂದರು ಮಗನಿಗೆ.

"ಆಯೀ, ಆಜ್ ಸಂಡೇ ಆಹೇ. ದುಪಾರೀ ಡ್ರಿಲ್ಲಿಂಗ್ ಅಲೌಡ್ ನಾಹೀ. ಸೊಸೈಟಿ..."

"ನಿನ್ನ ಸೊಸೈಟಿ ಕೂಡ ನಾ ಮಾತಾಡ್ತೀನಿ. ಹೊಡಿ."

ಅವನು ಡ್ರಿಲ್ ಹಿಡಿದ. ಮುಕಾದಮ ಸ್ಟೂಲು ಹಿಡಿದ. ಇಡೀ ಬಿಲ್ಡಿಂಗ್ ನಡುಗುವ ಸದ್ದು. ಎರಡನೇ ತೂತು ಕೊರೆಯುವಷ್ಟರಲ್ಲಿ ಎದುರು ಮನೆಯ ಮರಾಠಿ ಹೆಂಗಸು ಮಧ್ಯಾಹ್ನದ ನಿದ್ದೆ ಕೆಟ್ಟ ಕೋಪದಲ್ಲಿ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಫೋಟೋವನ್ನು ಎದೆಗೆ ಹಿಡಿದುಕೊಂಡೇ ಅವಳ ಎದುರು ಹೋದರು.

"ಹೇ ಮಾಝೇ ವಡೀಲ," ಎಂದರು. ಇವರು ನನ್ನ ಅಪ್ಪ.

ಬೈಯಲು ಬಂದವಳು ಫೋಟೋ ನೋಡಿದಳು, ಅಜ್ಜಿಯ ಒದ್ದೆ ಮುಖ ನೋಡಿದಳು. ಇಷ್ಟು ವರ್ಷ ಎದುರು ಬದುರು ಇದ್ದೇವೆ, ನೀವು ಅಪ್ಪನ ವಿಷಯ ಒಂದು ದಿನವೂ ಹೇಳಿಲ್ಲವಲ್ಲ ಎಂದಳು.

"ಆತಾ ಸಾಂಗತೇ. ಬಸ್," ಎಂದು ಅಜ್ಜಿ ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಈಗ ಹೇಳುತ್ತೇನೆ, ಕೂತುಕೋ.